ದೊಡ್ಡಮ್ಮ ಒತ್ತಿದ ‘ಉಳಿಸು’

“ಪ್ಲಗ್ಗಿನಲ್ಲಿದ್ದಾಗ ಜಿಂಕೆ ಹಾಗೆ ಓಡುತ್ತೆ, ಕಿತ್ತ ಕೂಡಲೇ ಇದಕ್ಕೆ ಏನು ಬಡಿಯುತ್ತೆ?”

ದೊಡ್ಡಮ್ಮ ಕೇಳಿದ್ದು ನನ್ನನ್ನಲ್ಲ, ಭಾವನನ್ನೂ ಅಲ್ಲ. ಮಡಿಲಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಪುಟ ತಿರುಗಿಸಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪುಟ ಇನ್ನೂ ದಾರಿಯಲ್ಲಿತ್ತು.

ಸಂಜೆ ಐದಕ್ಕೆ ಗ್ರಂಥಾಲಯದ ಸಭಾಂಗಣದಲ್ಲಿ ಅವರು ತಾವೇ ಕಟ್ಟಿದ ನಲವತ್ತೊಂದು ಪದ್ಯ ರಾಗವಾಗಿ ಓದಬೇಕು. ಮೂವತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ಕೂತು ಬೇರೆಯವರ ಮಾತು ಜೋಡಿಸಿಕೊಟ್ಟವರು. ತಮ್ಮ ಮಾತು ಜನರೆದುರು ಹೇಳುವುದು ಇದೇ ಮೊದಲು. ವೇದಿಕೆಯ ಮೇಲೆ ಪ್ಲಗ್ ಇಲ್ಲ. ಪ್ರಿಂಟ್ ಅಂಗಡಿಗೆ ಭಾನುವಾರದ ಬೀಗ. ಆಗಲೇ ಮೂರೂವರೆ. ಕೊನೆಯ ಸಾಲು ಎಳೆದು ಬಿಡುವಷ್ಟರಲ್ಲಿ ಮುಂದಿನ ಪುಟ ಬರದಿದ್ದರೆ ರಾಗ ಬಾಯಿ ತೆರೆದುಕೊಂಡೇ ನಿಲ್ಲಬೇಕು.

“ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ, ಅತ್ತೆ,” ಎಂದರು ಭಾವ. ದೊಡ್ಡಮ್ಮನ ಅಳಿಯ. ಫ್ರಿಜ್ಜಿಗೂ ಲಿಫ್ಟಿಗೂ ಅವರದು ಇದೊಂದೇ ಮದ್ದು.

“ಮನುಷ್ಯರಿಗೂ ಆ ಗುಂಡಿ ಇದ್ದಿದ್ರೆ ನಿಮ್ಮಿಂದಲೇ ಶುರು ಮಾಡ್ತಿದ್ದೆ, ಅಳಿಯಂದಿರೇ.”

ಭಾವನ ಬೆರಳು ಆಗಲೇ ಗುಂಡಿಯ ಹತ್ತಿರ ಇಳಿದಿತ್ತು. ನಾನು ಕೈ ಅಡ್ಡ ಹಿಡಿದೆ.

“ದೊಡ್ಡಮ್ಮ, ಪದ್ಯ ಎಲ್ಲ ಉಳಿಸಿದ್ದೀರಾ?”

“ಪದ್ಯಕ್ಕೊಂದು ಸಲ ಉಳಿಸಿದ್ದೀನಿ ಕಣೇ. ಬೇಡಿಕೊಂಡು ಉಳಿಸಿದ್ದೀನಿ.”

“ಹೇಗೆ, ತೋರಿಸಿ.”

ಪರದೆಯ ಮೂಲೆಯ ಬ್ಯಾಟರಿ ಚಿತ್ರ ಒತ್ತಿದರು. ಪುಟ್ಟ ಪಟ್ಟಿ ತೆರೆದುಕೊಂಡಿತು: ಒಂದು ಹಸಿರು ಎಲೆ, ಅದರ ಕೆಳಗೆ ‘ಬ್ಯಾಟರಿ ಉಳಿಸು’. ದೊಡ್ಡಮ್ಮ ಕಣ್ಣು ಮುಚ್ಚಿ, “ಉಳಿಸಪ್ಪಾ ತಂದೆ,” ಎಂದು ಎಲೆಯನ್ನು ಒತ್ತಿದರು. ಎಲೆಯ ಹಸಿರು ಆರಿತು. ಮರುಕ್ಷಣವೇ ಅಷ್ಟು ಹೊತ್ತು ಎಲ್ಲೋ ಕೂತಿದ್ದ ಪುಟಗಳೆಲ್ಲ ಒಂದರ ಹಿಂದೊಂದು ದಡದಡ ಓಡಿಬಂದವು.

ನನಗೆ ನಗು ಒದ್ದುಕೊಂಡು ಬಂತು. ನಗುತ್ತಲೇ ಬಿಡಿಸಿ ಹೇಳಿದೆ. ಒಮ್ಮೆ ಒತ್ತಿದರೆ ಚಾಲೂ, ಮತ್ತೊಮ್ಮೆ ಒತ್ತಿದರೆ ಬಂದ್. ಚಾಲೂ ಇದ್ದು ಪ್ಲಗ್ ಕಿತ್ತರೆ, ಬ್ಯಾಟರಿ ಉಳಿಸುವ ನೆಪದಲ್ಲಿ ಯಂತ್ರ ಮೈಗಳ್ಳತನಕ್ಕೆ ಕೂರುತ್ತದೆ. ನಲವತ್ತೊಂದು ಪದ್ಯ, ನಲವತ್ತೊಂದು ಪ್ರಾರ್ಥನೆ. ಬೆಸ ಸಂಖ್ಯೆ, ಅಂದರೆ ಚಾಲೂ.

“ಅದಕ್ಕೇನಾ ಒಂದು ದಿನ ಕುದುರೆ, ಒಂದು ದಿನ ಆಮೆ?” ದೊಡ್ಡಮ್ಮನೂ ನಕ್ಕು ನಕ್ಕು ಕೆಮ್ಮಿದರು. “ನಾನು ದೇವರನ್ನ ಕೇಳಿದ್ದು ಒಂದು, ಅವನು ಉಳಿಸಿದ್ದು ಇನ್ನೊಂದು.”

ಭಾವ ಮಾತ್ರ ತಟ್ಟನೆ ನಗು ನಿಲ್ಲಿಸಿದರು. “ಹಾಗಾದ್ರೆ ಪದ್ಯ?”

ಮೂವರೂ ಬಗ್ಗಿ ಪುಟದ ನೆತ್ತಿ ನೋಡಿದೆವು. ‘ಹೆಸರಿಲ್ಲದ ಕಡತ’. ಮೂರು ವಾರ ಆಫ್ ಆಗದ ಯಂತ್ರದಲ್ಲಿ ನಲವತ್ತೊಂದು ಪದ್ಯ ಒಂದು ಸಲವೂ ಉಳಿಸಿಕೊಳ್ಳದೆ, ಒಂದೇ ಉಸಿರು ಹಿಡಿದು ಕೂತಿದ್ದವು. ಭಾವ ತಮ್ಮ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

ನಾನು ನಿಜವಾದ ‘ಉಳಿಸು’ ಹುಡುಕಿದೆ. ಯಂತ್ರ ಹೆಸರು ಕೇಳಿತು.

“ಏನು ಬರೀಲಿ, ದೊಡ್ಡಮ್ಮ?”

“ಉಳಿಸಪ್ಪಾ ತಂದೆ, ಅಂತಲೇ ಬರಿ. ಅಭ್ಯಾಸ ಆಗಿದೆ ಅದಕ್ಕೂ.”

ಬರೆದೆ, ಒತ್ತಿದೆ. ಉಳಿಯಿತು. ದೊಡ್ಡಮ್ಮ ಪ್ಲಗ್ ಇಲ್ಲದೆಯೇ ಮೊದಲ ಮೂರು ಪದ್ಯ ಹಾಡಿ ನೋಡಿದರು. ಪುಟಗಳು ರಾಗಕ್ಕಿಂತ ಅರ್ಧ ಹೆಜ್ಜೆ ಮುಂದೆಯೇ ನಿಂತು ಕಾದವು.

ಹೊರಡಲು ಚಪ್ಪಲಿ ಮೆಟ್ಟುವಾಗ ಭಾವ ಮೆಲ್ಲಗೆ ಪಕ್ಕಕ್ಕೆ ಬಂದರು.

“ಈಗ ಹೇಗೂ ಉಳೀತಲ್ಲ, ಅತ್ತೆ. ಒಂದೇ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀನಿ, ಕೊಡಿ.”

ದೊಡ್ಡಮ್ಮ ಲ್ಯಾಪ್‌ಟಾಪನ್ನು ಎದೆಗವಚಿಕೊಂಡರು.

“ಕೊಡಲ್ಲ.”