ಪರದೆಗೆ ಮೂಗಿಲ್ಲ

ಸುತ್ತುತ್ತಿದೆ, ಸುತ್ತುತ್ತಲೇ ಇದೆ ಪರದೆಯ ನಡುವಿನ ಆ ಸಣ್ಣ ಉಂಗುರ, ಇವತ್ತು ತೆರೆಯದೇ ಹೋದರೆ ಚೆನ್ನ, ತೆರೆಯದೇ ಹೋದರೆ ನನ್ನ ಗತಿಯೇನು — ಅಗೋ ತೆರೆಯಿತು, ಮೊದಲು ಕಾಣುವುದು ನನ್ನದೇ ಮುಖ, ಚೌಕದೊಳಗೆ ಊದಿಕೊಂಡು ಕೂತ ಮುಖ, ಕಣ್ಣಿನ ಬಿಳಿ ಹಳದಿಯಾಗಿದೆಯೋ ಅಡುಗೆಮನೆಯ ದೀಪವೇ ಹಾಗೋ, ದೀಪ ಆರಿಸಿದೆ, ಕಿಟಕಿಯಿಂದ ಹಿಮದ ಬೆಳಕು ಬಂತು, ಈಗಲೂ ಹಳದಿ, ಇಲ್ಲ, ನಿದ್ದೆಗೆಟ್ಟ ಕೆಂಪು ಅಷ್ಟೇ, ಮತ್ತೆ ದೀಪ ಹಾಕಿದೆ. ಕೆಳಗೆ ರೊವೀನಾ ಟ್ರಸ್ಕ್ ಎಂದು ಹೆಸರು, ಸೈನ್ಯದಲ್ಲಿ ಅಂಗಿಯ ಎದೆಗೆ ಹೊಲಿದಿದ್ದ ಹಾಗೆ. ಬೆಳಿಗ್ಗೆ ತಿಂದ ಬ್ರೆಡ್ಡಿನ ಸುಟ್ಟ ಅಂಚು ಒಳಗೆಲ್ಲೋ ಗೀರಿತೇ, ಹಾಲಿನಲ್ಲಿ ನೆನೆಸಬೇಕಿತ್ತು, ಮರೆತೆ, ಹೇಗೆ ಮರೆತೆ, ಡಾಕ್ಟರು ಒಳಗಿನ ಚಿತ್ರವನ್ನೇ ತೋರಿಸಿದ್ದರಲ್ಲ, ಗಂಟಲ ಕೆಳಗಿನ ಕೊಳವೆಯ ಗೋಡೆಯಲ್ಲಿ ನೀಲಿ ಹುಳುಗಳ ಹಾಗೆ ಉಬ್ಬಿ ಮಲಗಿದ್ದ ರಕ್ತನಾಳಗಳು, ನೋಡಿ ಮೇಡಂ, ಲಿವರ್ ಕಲ್ಲಾಗ್ತಾ ಇದೆ, ರಕ್ತ ಒಳಗೆ ಬಿಟ್ಕೊಳ್ತಿಲ್ಲ, ಅದಕ್ಕೇ ಇಲ್ಲಿ ಬಂದು ನಿಂತಿದೆ, ಕುಡಿಯೋದು ಬಿಟ್ರೆ ಇಳೀಬಹುದು, ಬಿಡದಿದ್ರೆ ಯಾವತ್ತು ಒಡೆಯುತ್ತೆ ಅಂತ ನಾನು ಹೇಳೋಕಾಗಲ್ಲ. ಯಾವತ್ತು ಅಂತ ಹೇಳೋಕಾಗಲ್ಲ. ಅಂದಿನಿಂದ ಎಂಜಲು ನುಂಗುವುದಕ್ಕೂ ಭಯ, ನುಂಗಿ ಕಾಯುತ್ತೇನೆ, ಏನೂ ಆಗುವುದಿಲ್ಲ, ಮತ್ತೆ ನುಂಗುತ್ತೇನೆ.

ಹಿಂದೆ ತಿರುಗಬಾರದು, ಬೆನ್ನ ಹಿಂದೆ ಸಿಂಕು, ಸಿಂಕಿನ ಕೆಳಗೆ ಪುಟ್ಟ ಬಾಗಿಲು, ಒಳಗೆ ಬ್ಲೀಚಿನ ಡಬ್ಬದ ಮರೆಯಲ್ಲಿ ನಿನ್ನೆ ತಂದಿಟ್ಟ ವೋಡ್ಕಾ, ಮುಚ್ಚಳ ಇನ್ನೂ ಮುರಿದಿಲ್ಲ. ತರಬೇಕೆಂದು ಹೋದದ್ದಲ್ಲ, ಗಂಡ ಆಮೋಸನ ಕೆಮ್ಮಿಗೆ ಔಷಧಿ ತರಲು ಹೋದೆ, ಕಾರು ತಾನೇ ಆ ಕಡೆ ತಿರುಗಿದ ಹಾಗೆ, ಅಂಗಡಿಯ ಹೆಂಗಸು, ಏನ್ ಗಾಳಿ ಅಲ್ವಾ ಹೊರಗೆ, ಹೌದಮ್ಮಾ ಏನ್ ಗಾಳಿ, ಚೀಲ ಕೈಗೆ ಬಂದಿತ್ತು. ಆಮೋಸ್ ಈಗ ರೈಲು ಯಾರ್ಡಿನಲ್ಲಿ ಬೋಗಿಗಳ ಕೊಂಡಿ ಜೋಡಿಸುತ್ತಿರುತ್ತಾನೆ, ಸಂಜೆಯವರೆಗೆ ಬರುವುದಿಲ್ಲ, ಈ ಗುಂಪು ಮುಗಿಯಲಿ, ಆಮೇಲೆ ಒಂದೇ ಒಂದು ಗುಟುಕು, ಇಲ್ಲ, ಆಮೇಲೆ ನೋಡೋಣ. ಮಾಜಿ ಸೈನಿಕರ ಆಸ್ಪತ್ರೆ ಇರುವುದು ಬೆಟ್ಟಗಳ ಆಚೆ, ಚಳಿಗಾಲದಲ್ಲಿ ಮೊಂಟಾನಾದ ಆ ದಾರಿ ತೆರೆದಿದ್ದರೆ ಪುಣ್ಯ, ಅದಕ್ಕೇ ಅವರು ಈ ಯಂತ್ರ ಕೊಟ್ಟು ಕಳಿಸಿದ್ದು, ಮನೆಯಲ್ಲೇ ಕುಡಿತ ಬಿಡುವ ಪಾಠ ಓದಿ, ಪ್ರಶ್ನೆಗೆ ಉತ್ತರ ಒತ್ತಿ, ವಾರಕ್ಕೊಮ್ಮೆ ಎಲ್ಲ ಸೇರಿ ಮಾತಾಡಿ. ನಡೆಸುವವಳು ಇನೆಸ್, ನನಗೆ ಮಗಳಿದ್ದಿದ್ದರೆ ಅವಳಷ್ಟು ದೊಡ್ಡವಳಾಗಿರುತ್ತಿದ್ದಳು, ಕುಡೀಬೇಕು ಅನ್ನೋ ಆಸೆ ಅಲೆ ಇದ್ದ ಹಾಗೆ ಕಣ್ರೀ, ಏರುತ್ತೆ, ಇಳಿಯುತ್ತೆ, ನೀವು ಸುಮ್ನೆ ಅದರ ಮೇಲೆ ತೇಲ್ತಾ ಇರಿ, ಅಂದಳು ಮೊದಲ ವಾರ, ಆಗ ಪಕ್ಕದ ಚೌಕದಿಂದ ಆ ಮುದುಕನ ದನಿ, ನಮ್ಮ ಕಡೆ ಅಲೆ ಎಲ್ಲಿ ಕಂಡ್ಯಮ್ಮಾ ತಾಯಿ, ನಮ್ಮದೇನಿದ್ರೂ ಹಿಮ, ಬಿದ್ದರೆ ಬೇಸಿಗೆ ತನಕ ಜಾಗ ಬಿಡಲ್ಲ. ಹಾರ್ಲನ್. ವಿಯೆಟ್ನಾಮಿಗೆ ಹೋಗಿ ಬಂದವನು, ಗಡಿಯಾಚೆ ವಯೋಮಿಂಗಿನಲ್ಲಿ ಒಂಟಿ ಮನೆ, ನನ್ನಂತೆಯೇ ಲಿವರ್. ನಾನು ಇರಾಕಿನಲ್ಲಿ ಲಾರಿ ಓಡಿಸಿದವಳು ಎಂದದ್ದೇ ತಡ ಡ್ರೈವರಮ್ಮ ಎಂದು ಹೆಸರಿಟ್ಟ. ಒಂದು ದಿನ ನನಗೊಬ್ಬಳಿಗೇ ಕಾಣುವ ಹಾಗೆ ಬರೆದ, ನೋಡು ಡ್ರೈವರಮ್ಮ, ಈ ಪರದೆಗೆ ಕಣ್ಣಿದೆ, ಕಿವಿ ಇದೆ, ಮೂಗು ಮಾತ್ರ ಇಲ್ಲ, ಮತ್ತು ತನ್ನ ಕಾಫಿ ಲೋಟವನ್ನು ನನ್ನತ್ತ ಎತ್ತಿ ಕಣ್ಣು ಮಿಟುಕಿಸಿದ. ನಾನು ಗಟ್ಟಿಯಾಗಿ ನಕ್ಕುಬಿಟ್ಟಿದ್ದೆ. ಏನಂತೆ ರೊವೀನಾ ಅವರೇ, ನಮಗೂ ಹೇಳಿ, ಅಂದಳು ಇನೆಸ್.

ಇವತ್ತೂ ಅದೇ ಲೋಟ ಅವನ ಮುಂದೆ, ಮುಖ ಮಾತ್ರ ಬೂದಿ ಬಣ್ಣ, ಅಥವಾ ಅದೂ ದೀಪದ ತಪ್ಪೇ. ಹಾರ್ಲನ್, ಈ ವಾರ ಹೇಗಿತ್ತು, ಕೇಳಿದಳು ಇನೆಸ್. ಚೆನ್ನಾಗೇ ಇತ್ತಮ್ಮ, ಯಾಕೋ ಹೊಟ್ಟೆ ಸ್ವಲ್ಪ ತೊಳಸ್ತಾ ಇದೆ, ನೀನು ಬೇಯಿಸಿ ಕಳಿಸಿದ್ದಾಗಿದ್ರೆ ನಿನ್ನ ಬಯ್ಯಬಹುದಿತ್ತು, ನಾನೇ ಬೇಯಿಸಿದ್ದು ನೋಡು — ಎಲ್ಲರೂ ನಕ್ಕೆವು, ನಗು ಮುಗಿಯುವ ಮೊದಲೇ ಅವನು ಬಾಯಿಗೆ ಕೈ ಒತ್ತಿಕೊಂಡ, ಕೈ ತೆಗೆದು ಅಂಗೈ ನೋಡಿಕೊಂಡ, ಓದಲು ಬಾರದವನು ಕಾಗದ ನೋಡಿದ ಹಾಗೆ, ಅಯ್ಯೋ ಇದೇನಿದು, ಅಂದ, ಆಮೇಲೆ ಬಂತು, ಕೆಮ್ಮಲ್ಲ, ವಾಂತಿಯಲ್ಲ, ನಲ್ಲಿ ಬಿಟ್ಟ ಹಾಗೆ, ಕಡುಗೆಂಪು, ಅಂಗಿಯ ಮೇಲೆ, ಮೇಜಿನ ಮೇಲೆ, ಎದ್ದು ನಿಲ್ಲಲು ಹೋದ, ಲೋಟ ಉರುಳಿತು, ಅವನೂ ಚೌಕದಿಂದ ಕೆಳಗೆ ಜಾರಿಹೋದ. ನನ್ನ ಕೈ ನನ್ನ ಗಂಟಲ ಮೇಲಿತ್ತು. ನಾನು ಎದ್ದಿರಲಿಲ್ಲ, ಎದ್ದು ಎಲ್ಲಿಗೆ ಹೋಗಲಿ, ನಡುವೆ ಎಷ್ಟು ಬಯಲು ಎಷ್ಟು ಹಿಮ, ಅಷ್ಟು ಹತ್ತಿರ ಕಾಣುತ್ತಾನೆ, ಕೈ ಚಾಚಿದರೆ ಬೆರಳಿಗೆ ತಣ್ಣನೆಯ ಗಾಜು. ಇನೆಸಳ ದನಿ ಬದಲಾಯಿತು, ಅವರ ವಿಳಾಸ ನನ್ನ ಹತ್ರ ಇದೆ, ಆಂಬುಲೆನ್ಸಿಗೆ ಫೋನ್ ಮಾಡ್ತಾ ಇದೀನಿ, ಯಾರೂ ಹೋಗಬೇಡಿ, ಮಾತಾಡ್ತಾ ಇರಿ, ಅವರಿಗೆ ಕೇಳಿಸ್ತಾ ಇರಬಹುದು, ಹೆಸರು ಹಿಡಿದು ಕರೀರಿ. ಕರೆದೆವು. ಹಾರ್ಲನ್. ಹಾರ್ಲನ್, ಎಡಕ್ಕೆ ಹೊರಳಿ ಮಲಕ್ಕೋ. ಹಾರ್ಲನ್, ನಾನು ಕಣೋ, ಡ್ರೈವರಮ್ಮ — ಬಾಗ್ದಾದಿನ ದಾರಿ, ಮುಂದಿನ ಲಾರಿ ಹೊತ್ತಿಕೊಂಡಿದೆ, ರೇಡಿಯೋದಲ್ಲಿ ಯಾರೋ ಒಂದೇ ಹೆಸರನ್ನು ಕರೆಯುತ್ತಿದ್ದಾರೆ, ಕರೆಯುತ್ತಲೇ ಇದ್ದಾರೆ, ನಿಲ್ಲಬಾರದೆಂದು ಅಪ್ಪಣೆ, ನಾನು ಸ್ಟಿಯರಿಂಗ್ ಹಿಡಿದು ಬೆಂಕಿಯ ಪಕ್ಕದಿಂದ ದಾಟಿಹೋಗುತ್ತಿದ್ದೇನೆ, ನಾಲಗೆಯ ಕೆಳಗೆ ಕಬ್ಬಿಣದ ರುಚಿ, ಈಗಲೂ ಅದೇ ರುಚಿ, ಇದು ಭಯವೋ ರಕ್ತವೋ, ಅಂಗೈಗೆ ಉಗುಳಿ ನೋಡಿದೆ, ಬರೀ ಎಂಜಲು.

ಆಗ ನಾಯಿ ಬಂತು. ಅವನು ಏನೆಲ್ಲ ಹೇಳಿದ್ದ, ಬಿಟ್ಟುಹೋದ ಹೆಂಡತಿ, ಸೋರುವ ಸೂರು, ಕಾಲಿನೊಳಗೆ ಉಳಿದ ಗುಂಡಿನ ಚೂರು, ನಾಯಿಯ ಮಾತೇ ಎತ್ತಿರಲಿಲ್ಲ. ಮೂತಿ ನರೆತ ಕಂದು ನಾಯಿ, ಖಾಲಿ ಕುರ್ಚಿಯ ಮೇಲೆ ಕಷ್ಟಪಟ್ಟು ಹತ್ತಿ ಕೂತಿತು, ನೇರ ನಮ್ಮನ್ನೇ ನೋಡಿತು. ಹಾರ್ಲನ್, ಎಂದೆ ನಾನು, ಅದು ಕಿವಿ ನಿಮಿರಿಸಿತು. ಸುಮ್ಮನಾದೆ, ಕಿವಿ ಇಳಿಯಿತು. ಹಾರ್ಲನ್, ನಿಮಿರಿತು. ಕೆಳಗೆ ನೋಡು, ಕೆಳಗಿದಾನಲ್ಲೋ ಅವನು, ಎಂದು ಕಿರುಚಿದೆ, ಅದು ತಲೆ ಓರೆ ಮಾಡಿ ನನ್ನನ್ನೇ ನೋಡಿತು. ಎಷ್ಟು ಹೊತ್ತು ಹೀಗೆ ಕರೆದೆವೋ, ಕೊನೆಗೆ ಬಾಗಿಲು ಬಡಿದ ಸದ್ದು, ಬೂಟುಗಳು, ಕಿತ್ತಳೆ ಜಾಕೆಟ್ಟು, ನಾಡಿ ಸಿಗ್ತಾ ಇದೆ ಸಿಗ್ತಾ ಇದೆ, ಎತ್ತು, ಹುಷಾರು, ತಲೆ ಹಿಡ್ಕೋ, ಹೋದರು, ಬಾಗಿಲು ತೆರೆದೇ ಉಳಿಯಿತೋ ಏನೋ, ಕ್ಯಾಲೆಂಡರಿನ ಹಾಳೆ ಹಾರಾಡುತ್ತಿತ್ತು. ನಾಯಿ ಕುರ್ಚಿ ಬಿಟ್ಟು ಏಳಲಿಲ್ಲ. ಇನೆಸ್ ಅಳುತ್ತಿದ್ದಳು, ನಾನು ಇದನ್ನ ಈಗ ಮುಚ್ಚಬೇಕು, ಒಬ್ಬೊಬ್ಬರಿಗೂ ಫೋನ್ ಮಾಡ್ತೀನಿ, ಒಬ್ಬೊಬ್ಬರೇ ಇರಬೇಡಿ ದಯವಿಟ್ಟು. ಚೌಕಗಳು ಒಂದೊಂದಾಗಿ ಆರಿದವು.

ಈಗ ಅಡುಗೆಮನೆ, ಫ್ರಿಜ್ಜಿನ ಗುಂಯ್, ಬೆನ್ನ ಹಿಂದೆ ಆ ಬಾಗಿಲು. ಎದ್ದರೆ ನನ್ನ ಕಾಲು ಎತ್ತ ಹೋಗುತ್ತದೋ ನನಗೇ ಗೊತ್ತಿಲ್ಲ, ಅವನ ರಕ್ತ ಕಣ್ಣೆದುರಿಗೆ ಹಸಿಯಾಗಿರುವಾಗಲೇ ಬಾಯಲ್ಲಿ ನೀರೂರುತ್ತಿದೆ, ಇದಕ್ಕಿಂತ ಭಯ ಇನ್ನೇನಿದೆ. ಆಮೋಸನಿಗೆ ಫೋನ್ ಮಾಡಿದೆ, ಹಿಂದೆ ರೈಲಿನ ಕೂಗು, ಏನಾಯ್ತೇ ರೋ, ಸಿಂಕಿನ ಕೆಳಗೆ ಬಾಟ್ಲಿ ಇದೆ ಆಮೋಸ್, ತೆಗೆದಿಲ್ಲ, ಚೆಲ್ಲೋಕೆ ಹೋದ್ರೂ ಕುಡಿದುಬಿಡ್ತೀನಿ, ಬಾ. ಅವನು ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು, ಈಗ ಎಲ್ಲಿದೀಯಾ, ಕುರ್ಚಿ ಮೇಲೆ, ಅಲ್ಲೇ ಕೂತಿರು, ಏಳಬೇಡ, ಹೊರಟೆ. ಕೂತಿದ್ದೇನೆ. ಇನೆಸಳ ಫೋನು ಬಂತು, ಹೆಲಿಕಾಪ್ಟರಿನಲ್ಲಿ ಒಯ್ದರಂತೆ, ಜೀವ ಇದೆ, ಇದಕ್ಕಿಂತ ಹೆಚ್ಚು ನಾನು ಹೇಳೋ ಹಾಗಿಲ್ಲ ರೊವೀನಾ ಅವರೇ, ನೀವು ಹೇಗಿದೀರಿ, ಆಮೋಸ್ ಮನೇಲಿದಾರಾ, ಬರ್ತಿದಾನೆ, ಮತ್ತೆ ನಾಯಿ? ಯಾವ ನಾಯಿ, ಅಂದಳು, ಆಮೇಲೆ, ಓ, ಅಂದಳು, ಅದು ನಂಗೊತ್ತಿಲ್ಲ. ಜೀವ ಇದೆ, ಸಾಕು, ಜೀವ ಇದೆ, ನುಂಗಿದೆ, ಕಾದೆ, ಏನೂ ಆಗಲಿಲ್ಲ, ಹೊರಗೆ ಗಾಳಿ, ಆಮೋಸನ ಗಾಡಿಯೋ, ಇಲ್ಲ, ಗಾಳಿಯೇ, ಹಾರ್ಲನ್, ಎಂದೆ ಕಪ್ಪು ಪರದೆಗೆ, ಯಾಕೆಂದೆನೋ, ಅಲ್ಲಿ ಖಾಲಿ ಮನೆಯಲ್ಲಿ ಕುರ್ಚಿಯ ಮೇಲೆ ಆ ನಾಯಿ, ಕಿವಿ ನಿಮಿರಿಸಿಕೊಂಡು, ನನ್ನನ್ನೇ ನೋಡುತ್ತ, ಕಿವಿ ನಿಮಿರಿಸಿಕೊಂಡು