ಬಲಗಡೆ ಸೇರಿಸಿದ ನಾಲ್ಕು

1
ಸಂಖ್ಯೆಯಿಂದ ಶುರು ಮಾಡಲೋ, ಮರಿಯಯ್ಯನವರಿಂದಲೋ? ಸಂಖ್ಯೆ ಅಂದರೆ ನೀವು ಪುಟ ತಿರುಗಿಸುತ್ತೀರಿ. (ನಾನೂ ಅಷ್ಟೇ. ಗಣಿತದಲ್ಲಿ ಜಸ್ಟ್ ಪಾಸು.) ಹಾಗಾಗಿ ಮರಿಯಯ್ಯ.

ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆಗಿ, ರಾಮಕೃಷ್ಣನಗರದಲ್ಲಿ ಮನೆ ಕಟ್ಟಿಸಿದವರು. ಕಾಲೇಜಿನಲ್ಲಿ ಗಣಿತ ಕಲಿಸುವ ಮಗಳು ಧರಣಿಯನ್ನು ಕೇಳಿದರು:

“ಭಾಗ ಆಗ್ದೇ ಇರೋ ನಂಬರ್ ಯಾವ್ದಾರ ಇದ್ರೆ ಹೇಳವ್ವ. ಮನೆ ಹೆಸ್ರಿನ ಜಾಗ್ದಲ್ಲಿ ಅದ್ನೇ ಕೆತ್ತಿಸ್ತೀನಿ. ನಾಳೆ ನೀನೂ ನಿನ್ ತಮ್ಮ ಮನೋಹರನೂ ಮನೆ ಭಾಗ ಮಾಡ್ಕಬಾರ್ದು.”

2
ಅವಳು ಕೊಟ್ಟದ್ದು 73939133. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ. ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತ ಹೋಗಿ, ಬರೀ ಏಳು ಉಳಿಯುವವರೆಗೂ ಉಳಿದದ್ದೆಲ್ಲ ಅವಿಭಾಜ್ಯವೇ. ಕಳೆದುಕೊಂಡರೂ ಒಡೆಯದ್ದು. ಆದರೆ ಬಲಕ್ಕೆ ಯಾವುದೇ ಅಂಕಿ ಸೇರಿಸಿ, ಕೆಟ್ಟಿತು.

ಈ ಕೊನೆಯ ಮಾತನ್ನು ಅವಳು ಅಪ್ಪನಿಗೆ ಹೇಳಲಿಲ್ಲ.

3
ಗೃಹಪ್ರವೇಶದ ದಿನ ಮರಿಯಯ್ಯ ಗ್ರಾನೈಟಿನ ಮೇಲಿದ್ದ ಬಟ್ಟೆ ಸರಿಸಿದರು. 739391334.

“ಅಪ್ಪಾ, ಕೊನೇಲಿ ನಾಲ್ಕು ಯಾಕೆ?”

“ನಾನು, ನಿಮ್ಮವ್ವ, ನೀವಿಬ್ರು. ನಾಕ್ ಜನ ಅಲ್ವಾ? ಸೇರಿಸ್ದೆ.”

ಕಾಲೇಜಿನ ಸಹೋದ್ಯೋಗಿಗಳೆಲ್ಲ ಅಲ್ಲೇ ಇದ್ದರು. ಧರಣಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಸರಿಯಾಗಿ ಎರಡು ಭಾಗ ಆಗೋಯ್ತಲ್ಲಪ್ಪ! ಮೂರನೇ ಕ್ಲಾಸ್ ಮಕ್ಕಳಿಗೂ ಗೊತ್ತಿರ್ತದೆ!”

“ಹಂಗಾದ್ರೆ ಅರ್ಧ ನಂದು!” ಎಂದ ಮನೋಹರ. ಜನ ಹೋ ಎಂದು ನಕ್ಕರು. ಎಲ್ಲರಿಗಿಂತ ಕೊನೆಗೆ ಮರಿಯಯ್ಯನೂ ನಕ್ಕರು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು. ಮತ್ತೆ ಮಡಿಸಿದರು.

(ಬರೆಯುವಾಗ ನಾನೂ ನಕ್ಕಿದ್ದೆ. ಜೋಕು ನನ್ನದೇ ತಾನೆ.)

4
ಮರಿಯಯ್ಯನವರನ್ನು ಆ ನಗುವಿನಿಂದ ಉಳಿಸೋಣವೆಂದು ಕೊನೆಯ ಅಂಕಿ ಬದಲಿಸಿ ನೋಡಿದೆ. ಒಂದು ಹಾಕಿದರೆ ಮೂರರಿಂದ ಭಾಗ. ಐದು ಹಾಕಿದರೆ ಐದರಿಂದ. ಏಳಕ್ಕೆ ಮತ್ತೆ ಮೂರು. ಮೂರು, ಒಂಬತ್ತು ಕೂಡ ಉಳಿಯುವುದಿಲ್ಲ. ಸುಳ್ಳು ಹೇಳುವುದೇ ನನ್ನ ಕಸುಬು, ಇಲ್ಲಿ ಒಂದಂಕಿ ಸುಳ್ಳು ನಡೆಯಲಿಲ್ಲ.

“ನಂಬರ್ ಬಿಡಿ ಸರ್,” ಎಂದಳು ಧರಣಿ, ಕಥೆಯೊಳಗಿಂದಲೇ. “ನಾನಾಡಿದ ಮಾತು ಹೊಡೆದ್ಹಾಕಿ.”

ಹೊಡೆದುಹಾಕಿದೆ. ಮರಿಯಯ್ಯನ ಮುಖ ಹಾಗೇ ಇತ್ತು. ವಾಪಸ್ ಬರೆದೆ.

5
ಊಟ ಮುಗಿದ ಮೇಲೆ ಮರಿಯಯ್ಯ ಹಿತ್ತಲಲ್ಲಿ ಬಾಡಿಗೆ ಕುರ್ಚಿ ಜೋಡಿಸುತ್ತಿದ್ದರು. ಧರಣಿ ಹೋಗಿ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ, ತಲೆ ಎತ್ತದೆ ಕೇಳಿದರು:

“ನಿಮ್ ಕಾಲೇಜ್ನೋರ್ ಮುಂದೆ ನಿಂಗೆ ಅವಮಾನ ಮಾಡ್ಬುಟ್ನೇನವ್ವ?”

ಮುಕ್ತಾಯ ಒಂದು: ಅವಳು ಕಾಲಿಗೆ ಬಿದ್ದು ಅಳುತ್ತಾಳೆ. (ಸಿನಿಮಾ.)

ಮುಕ್ತಾಯ ಎರಡು: ಕಲ್ಲು ಕೆತ್ತುವವನು ನಾಲ್ಕನ್ನು ಅಳಿಸಲು ಬಂದಾಗ ತಾಯಿ ಸಿದ್ದಲಿಂಗಮ್ಮ ಅಡ್ಡ ನಿಲ್ಲುತ್ತಾರೆ. (ತೀರಾ ನೀಟು. ನನ್ನನ್ನು ಒಳ್ಳೆಯವನನ್ನಾಗಿ ಮಾಡುವುದಕ್ಕಷ್ಟೇ.)

ಆದದ್ದು ಇಷ್ಟು. ಧರಣಿ ಅವರ ಕೈಯಲ್ಲಿದ್ದ ಕುರ್ಚಿಯ ಇನ್ನೊಂದು ಬದಿ ಹಿಡಿದಳು.

“ಬುಡು, ನಾನೇ ಇಡ್ತೀನಿ,” ಎಂದರು.

ಅವಳು ಬಿಡಲಿಲ್ಲ. ಅವರೂ ಬಿಡಲಿಲ್ಲ.