ಹೊತ್ತು ಮುಳುಗುವ ಮುಂಚಿನ ಓವರು

ಹಾರೂಗೇರಿಯಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಇಟ್ಟುಕೊಂಡಿದ್ದ ಸಮ್ಮೇದನಿಗೆ ತಾನೊಬ್ಬ ಭಯಂಕರ ಬೌಲರ್ ಎಂಬುದು ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಅದಕ್ಕೂ ಮುಂಚೆ ಅದು ಅವನಿಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿದ್ದಾಗ ತಂಡ ಮಾಡುವ ಹೊತ್ತಿಗೆ ಎರಡೂ ಕಡೆಯವರು "ಇಂವನ್ನ ನೀವ ಇಟಕೋರಿ" ಎಂದು ಒಬ್ಬರ ಮೇಲೊಬ್ಬರು ಅವನನ್ನು ದಬ್ಬುತ್ತಿದ್ದರು. ಆಳು ಸಣಕಲು. ಅವನು ಓಡಿಬಂದು ಎಸೆದ ಚೆಂಡು ತನಗೆ ಮುಟ್ಟುವಷ್ಟರಲ್ಲಿ ಬ್ಯಾಟು ಹಿಡಿದವನು ಒಮ್ಮೆ ಆರಾಮಾಗಿ ಆಕಳಿಸಬಹುದಿತ್ತು.

ಅವನ ದೆಸೆ ತಿರುಗಿಸಿದ್ದು ನಿಪ್ಪಾಣಿಯಿಂದ ಬಂದ ತೂತಿನ ಚೆಂಡು.

ಕಬ್ಬಿನ ಸುಗ್ಗಿ ಮುಗಿದು ಟ್ರ್ಯಾಕ್ಟರುಗಳು ನಿಂತಲ್ಲೇ ನಿಂತ ಮೇಲೆ, ಹತ್ತನೇ ಇಯತ್ತೆ ಕೂಡಿ ಓದಿದ ಗೆಳೆಯರು ತಮ್ಮಲ್ಲೊಬ್ಬನಾದ ಬೀರದೇವನ ಬಯಲಲ್ಲಿ ಪ್ರತಿ ಬೇಸಿಗೆ ಕ್ರಿಕೆಟ್ ಲೀಗ್ ಆಡುತ್ತಿದ್ದರು. ಮೂರು ತಂಡ, ತಂಡಕ್ಕೆ ಆರು ಜನ, ಸ್ಟಂಪಿನ ಜಾಗಕ್ಕೆ ದ್ರಾಕ್ಷಿಯ ಪ್ಲಾಸ್ಟಿಕ್ ಕ್ರೇಟು. ಹಿಂದಿನ ವರ್ಷ ಟೆನಿಸ್ ಚೆಂಡೊಂದು ಹೋಗಿ ಬೀರದೇವನ ಹೊಸ ಟ್ರ್ಯಾಕ್ಟರಿನ ಲೈಟು ಒಡೆಯಿತು. "ಇನ್ನ ಮ್ಯಾಲ ಗಟ್ಟಿ ಚೆಂಡು ಯಾರರ ತಂದ್ರ, ಅದ ಟ್ರ್ಯಾಕ್ಟರ್ ನಿಮ್ಮ ಮ್ಯಾಲ ಹಾಯಿಸ್ತೀನಿ ನೋಡ್ರಿ" ಎಂದು ಅವನು ಎಲ್ಲರೆದುರು ಹೇಳಿದ. ಹಾಗೆಂದ ಮೇಲೆ, ನಿಪ್ಪಾಣಿಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಗೆಳೆಯ ಅಮೋಲ ಈ ವರ್ಷ ಒಂದು ಚೀಲದ ತುಂಬ ಹೊಸ ನಮೂನೆಯ ಚೆಂಡು ತಂದ. ಬಿಳಿ ಪ್ಲಾಸ್ಟಿಕ್ಕು, ಒಳಗೆ ಪೊಳ್ಳು. ಅರ್ಧ ಭಾಗಕ್ಕೆ ಉದ್ದುದ್ದ ತೂತು, ಇನ್ನರ್ಧ ನುಣ್ಣಗೆ. ಅಮೇರಿಕದ ಹುಡುಗರು ಮನೆಯ ಅಂಗಳದಲ್ಲಿ ಆಡುವ ಚೆಂಡಂತೆ.

ಜೋರಾಗಿ ಎಸೆಯುವವರ ಮಾತನ್ನು ಆ ಚೆಂಡು ಕೇಳಲೇ ಇಲ್ಲ. ರಟ್ಟೆಯ ಬಲವೆಲ್ಲ ಹಾಕಿ ಬೀಸಿದರೂ ಅರ್ಧ ದಾರಿಯಲ್ಲಿ ಸುಸ್ತಾಗಿ ಬೀಳುತ್ತಿತ್ತು. ಆದರೆ ಸಮ್ಮೇದ ತನ್ನ ಸಣಕಲು ಕೈಯಿಂದ ಮೆತ್ತಗೆ ಬಿಟ್ಟಾಗ ಅದು ಗಾಳಿಯಲ್ಲೇ ಒಮ್ಮೆ ಯೋಚನೆ ಮಾಡಿದಂತೆ ನಿಂತು, ಬಸ್ ಸ್ಟ್ಯಾಂಡಿನೊಳಗೆ ಹೊರಳುವ ಬಸ್ಸಿನಂತೆ ದೊಡ್ಡದಾಗಿ ತಿರುಗಿ ಬಂದು ಕ್ರೇಟಿಗೆ ಬಡಿಯುತ್ತಿತ್ತು. ಮೊದಲ ದಿನವೇ ನಾಲ್ಕು ಜನ ಔಟಾದರು. ಐದನೆಯವನು ಬ್ಯಾಟು ಹಿಡಿಯುವ ಮುಂಚೆ "ಲೇ ಸಮ್ಮ್ಯಾ, ಮೆತ್ತಗ ಹಾಕೋ" ಎಂದ. ಆ ಮಾತು ಕೇಳಿದ ಸಮ್ಮೇದನಿಗೆ ಅಂದು ನಿದ್ದೆ ಬರಲಿಲ್ಲ. ಜೀವಮಾನದಲ್ಲಿ ಅವನಿಗೆ ಯಾರೂ ಮೆತ್ತಗೆ ಹಾಕು ಎಂದಿರಲಿಲ್ಲ.

ಎಲ್ಲ ಸರಿಯಿತ್ತು, ಒಂದೇ ತೊಡಕು. ಚಳಿಗಾಲದಲ್ಲಿ ಊರಿಗೆ ಬಂದ ಜೈನ ಮುನಿ ಮಹಾರಾಜರು ಪ್ರವಚನದ ಕೊನೆಗೆ, ಒಂದು ವರ್ಷ ಹೊತ್ತು ಮುಳುಗಿದ ಮೇಲೆ ಊಟ ನೀರು ಬಿಡುವವರು ಯಾರಿದ್ದೀರಿ ಎಂದು ಕೇಳಿದ್ದರು. ಹೆಂಗಸರ ಸಾಲಿನಿಂದ ತಾಯಿ ಲಕ್ಷ್ಮಿಬಾಯಿ ಹುಬ್ಬೇರಿಸಿ ನೋಡಿದ ನೋಟಕ್ಕೆ ಸಮ್ಮೇದನ ಕೈ ತಾನಾಗಿಯೇ ಮೇಲೆದ್ದಿತ್ತು. ಎದ್ದ ಕೈ ಮತ್ತೆ ಇಳಿಸುವುದು ಹೇಗೆ? ಹೀಗಾಗಿ ಎಂಥ ಆಟ ನಡೆದಿರಲಿ, ಸೂರ್ಯ ಕೆಂಪಾಗುತ್ತಿದ್ದಂತೆ ಅವನು ಬೈಕು ಹತ್ತಿ ಮನೆಗೆ ಓಡುತ್ತಿದ್ದ. ತಪ್ಪಿದರೆ ಬೆಳಗಿನ ತನಕ ಒಂದು ಗುಟುಕು ನೀರೂ ಇಲ್ಲ.

ಈ ತೊಡಕಿನ ಮೇಲೆ ಕಣ್ಣಿಟ್ಟವನು ವಿರುಪಾಕ್ಷಪ್ಪ. ಕಬ್ಬಿನ ದೊಡ್ಡ ರೈತ, ಎದುರು ತಂಡದ ಕ್ಯಾಪ್ಟನ್. ಆಳು ದಪ್ಪ, ದನಿ ಅದಕ್ಕಿಂತ ದಪ್ಪ. ಹಿಂದಿನ ಎಲ್ಲ ವರ್ಷವೂ ಲೀಗಿನ ಕಪ್ಪು ಅವನ ಮನೆಯ ಟಿವಿಯ ಮೇಲೆಯೇ ಇತ್ತು. ಲೀಗಿನ ನಡುವೆ ಒಂದು ದಿನ ಅವನು ಗಂಭೀರವಾಗಿ ಹೊಸ ರೂಲು ತಂದ. "ಮಂದಿ ನಡುವ ಚಾ ಕುಡ್ಯಾಕ ಮನಿಗೆ ಹೋಗಾಕತ್ತಾರ. ಆಟಕ್ಕ ಒಂದ ಮರ್ಯಾದಿ ಬ್ಯಾಡೇನ್ರಿ? ಇನ್ನ ಮ್ಯಾಲ ಮೈದಾನ ಬಿಟ್ಟ ಹೋದಾಂವ ಅವತ್ತ ಮತ್ತ ಬೌಲಿಂಗ್ ಮಾಡಂಗಿಲ್ಲ." ಎಲ್ಲರೂ ಹೌದು ಹೌದು ಎಂದರು. ಸಮ್ಮೇದನೂ ತಲೆಯಾಡಿಸಿದ. ಆ ರೂಲು ತನ್ನ ಅಳತೆಗೇ ಹೊಲಿದ ಅಂಗಿ ಎಂದು ಅವನಿಗೆ ಹೊಳೆದದ್ದು ಫೈನಲ್ಲಿನ ದಿನ.

ಫೈನಲ್ಲು ಇವರಿಬ್ಬರ ತಂಡಗಳಿಗೇ ಬಿತ್ತು. ಮೊದಲು ಸಮ್ಮೇದನ ತಂಡ ಬ್ಯಾಟು ಮಾಡಿತು. ನಂತರ ವಿರುಪಾಕ್ಷಪ್ಪನ ತಂಡ ಇಳಿಯಿತು. ಸಮ್ಮೇದ ತನ್ನ ಪಾಲಿನ ಎರಡು ಓವರಿನಲ್ಲಿ ಒಂದನ್ನು ಮೊದಲೇ ಹಾಕಿ ಇಬ್ಬರನ್ನು ಕೆಡವಿ, ಇನ್ನೊಂದನ್ನು ಕೊನೆಗೆಂದು ಕಾಯ್ದಿರಿಸಿಕೊಂಡ. ಲೆಕ್ಕ ಸರಿಯಾಗಿತ್ತು. ಹೊತ್ತು ಮುಳುಗುವ ಮುಂಚೆ ಆಟ ಮುಗಿಸಿ ಆರಾಮಾಗಿ ಊಟಕ್ಕೆ ಹೋಗಬಹುದಿತ್ತು.

ಆಗ ವಿರುಪಾಕ್ಷಪ್ಪ ಬ್ಯಾಟು ಹಿಡಿದು ಬಂದ. ಬಂದವನು ಮೊದಲು ಬೂಟಿನ ಲಾಡಿ ಕಟ್ಟಿದ. ಕಟ್ಟಿದ್ದನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದ. ಒಂದು ಚೆಂಡು ಆಡಿ ಬ್ಯಾಟು ಸರಿಯಿಲ್ಲ ಎಂದ. ಬೇರೆ ಬ್ಯಾಟು ಬಂತು, ಅದನ್ನು ಎತ್ತಿ ಇಳಿಸಿ ಮೂಸಿ ನೋಡಿ, ಮೊದಲಿನದೇ ಬೇಕು ಎಂದ. ಕಣ್ಣಲ್ಲಿ ಕಸ ಬಿತ್ತು. ಸಕ್ಕರೆ ಫ್ಯಾಕ್ಟರಿಯಿಂದ ಫೋನು ಬಂತು.

"ಫ್ಯಾಕ್ಟರಿ ಬಂದ್ ಆಗಿ ತಿಂಗಳಾತು, ಈಗ ಎಂಥಾ ಫೋನೋ?" ಎಂದು ಸಮ್ಮೇದ ಕೂಗಿದ.

"ಮುಂದಿನ ವರ್ಷದ್ದು ಮಾತಾಡಾಕತ್ತಾರ" ಎಂದ ವಿರುಪಾಕ್ಷಪ್ಪ, ಫೋನಿನ ಬಾಯಿ ಮುಚ್ಚಿ.

ಅಂಪೈರು ಜ್ಞಾನದೇವ ಹಾರೂಗೇರಿಯಲ್ಲೇ ಬೇರೂರಿದ ಮರಾಠಿ ಮನೆತನದ ದರ್ಜಿ. ಮೊಣಕಾಲು ನೋವೆಂದು ಆಡುವುದು ಬಿಟ್ಟು ನ್ಯಾಯ ಹೇಳಲು ನಿಂತಿದ್ದ. "ಚಲ್ ರೇ ಬಾಬಾ, ಆವರ್ ಲೌಕರ್" ಎಂದು ಅವನು ಎಷ್ಟು ಅವಸರಪಡಿಸಿದರೂ ವಿರುಪಾಕ್ಷಪ್ಪ ಕೈ ಮುಗಿದು "ಹೂಂ ಹೂಂ" ಎನ್ನುತ್ತಿದ್ದ, ಜಾಗ ಬಿಟ್ಟು ಅಲುಗುತ್ತಿರಲಿಲ್ಲ. ಕೊನೆಗೆ ಚೆಂಡನ್ನು ಬೇಕೆಂದೇ ಪಕ್ಕದ ಕಬ್ಬಿನೊಳಗೆ ಹೊಡೆದ. ಆರೂ ಜನ ಕಬ್ಬಿನ ಗರಿ ಮೈಗೆ ಗೀರಿಸಿಕೊಂಡು ಹುಡುಕಿ ಹೊರಬರುವಷ್ಟರಲ್ಲಿ ಸೂರ್ಯ ಬಯಲಂಚಿಗೆ ನಿಲ್ಲಿಸಿದ್ದ ಕಬ್ಬಿನ ಟ್ರಾಲಿಗಳ ನೆತ್ತಿಗೆ ಬಂದು ಕುಳಿತಿದ್ದ.

ಸಮ್ಮೇದ ಸೂರ್ಯನನ್ನು ನೋಡಿದ. ವಿರುಪಾಕ್ಷಪ್ಪ ಸಮ್ಮೇದನನ್ನು ನೋಡಿ ನಕ್ಕ. ಆ ನಗೆಯಲ್ಲಿ ಎಲ್ಲವೂ ಬಿಚ್ಚಿಕೊಂಡಿತು.

"ಹೊಟ್ಟಿ ಹಸದಿರಬೇಕಲ್ಲೋ ಸಮ್ಮ್ಯಾ. ಹೋಗಿ ಊಟಾ ಮಾಡು. ಓವರ್ ಬ್ಯಾರೆ ಯಾರರ ಹಾಕ್ತಾರ."

ಹೋದರೆ ಫೈನಲ್ಲು ಹೋಯಿತು. ಹೋಗದಿದ್ದರೆ ಇಡೀ ದಿನ ಬಿಸಿಲಲ್ಲಿ ಬೆಂದ ಮೈ ರಾತ್ರಿಯೆಲ್ಲ ನೀರಿಲ್ಲದೆ ಒಣಗಬೇಕು. ಸಮ್ಮೇದ ಗೆರೆಯ ಹತ್ತಿರ ಹೋಗಿ, ಗೆರೆ ದಾಟದ ಹಾಗೆ ಎರಡೂ ಕಾಲು ಕೂಡಿಸಿ ನಿಂತು, ಹೆಂಡತಿ ತೃಪ್ತಿಗೆ ಫೋನು ಮಾಡಿ ರೂಲು, ಬೂಟಿನ ಲಾಡಿ ಎಲ್ಲ ಹೇಳಿದ. "ಲಗೂನ ಡಬ್ಬಿ ಕಟಗೊಂಡ ಬಾ. ಇಲ್ಲೇ ಉಣ್ತೀನಿ."

ತೃಪ್ತಿ ಸ್ಕೂಟಿ ಹತ್ತಿ ಬಂದಳು. ಹಿಂದೆ, ತೊಡೆಯ ಮೇಲೆ ಪಾತ್ರೆಗಳ ಗಂಟು ಇಟ್ಟುಕೊಂಡು ಲಕ್ಷ್ಮಿಬಾಯಿಯೂ ಕುಳಿತಿದ್ದಳು. ಮಗ ಒಬ್ಬನೇ ಡಬ್ಬಿ ತಿಂದರೆ ಹೊಟ್ಟೆ ತುಂಬುವುದಿಲ್ಲ ಎಂಬುದು ಅವಳ ನಂಬಿಕೆ. ನೇರವಾಗಿ ಪಿಚ್ಚಿನ ನಡುವೆ ನಡೆದುಬಂದು ಚಾಪೆ ಹಾಸಿದಳು.

"ಇದೇನ್ರಿ ಅವ್ವಾರ?" ವಿರುಪಾಕ್ಷಪ್ಪ ಗಾಬರಿಯಾದ. "ಆಟಾ ನಡದೈತ್ರಿ."

"ನಡೀಲಿ. ನಾ ಏನ್ ಬ್ಯಾಡ ಅಂದೆ? ಮೈದಾನ ಬಿಟ್ಟ ಹೋಗಬಾರದಂತಲ್ಲ, ಬಿಟ್ಟಿಲ್ಲ. ಕುಂತ ಉಣ್ಣಬಾರದು ಅಂತ ರೂಲು ಐತೇನು?"

ವಿರುಪಾಕ್ಷಪ್ಪ ಅಂಪೈರನ ಮುಖ ನೋಡಿದ. ಜ್ಞಾನದೇವ ಗಂಟಿನಿಂದ ಬರುತ್ತಿದ್ದ ವಾಸನೆಯ ಕಡೆ ಮೂಗು ತಿರುಗಿಸಿ, ಅಂಥ ರೂಲು ಇಲ್ಲ ಎಂದು ತೀರ್ಪು ಕೊಟ್ಟ.

ಗಂಟಿನಲ್ಲಿ ಚಪಾತಿ, ಹೆಸರುಕಾಳಿನ ಪಲ್ಯ, ಅದರ ಕೆಳಗೆ ಮತ್ತೊಂದು ಪಾತ್ರೆಯ ತುಂಬ ಹೋಳಿಗೆ, ಪಕ್ಕದಲ್ಲಿ ಮಾವಿನ ಸೀಕರಣಿ. ಸಮ್ಮೇದ ಸೂರ್ಯನ ಮೇಲೆ ಒಂದು ಕಣ್ಣಿಟ್ಟು ಗಬಗಬ ತಿನ್ನತೊಡಗಿದ. ಉಳಿದವರು ಸುತ್ತ ನಿಂತು ಉಗುಳು ನುಂಗುತ್ತಿದ್ದರು. ಲಕ್ಷ್ಮಿಬಾಯಿ ತಲೆಯೆತ್ತಿ, "ವಿರುಪಾ, ಸಣ್ಣಾಂವ ಇದ್ದಾಗ ನಮ್ಮ ಮನ್ಯಾಗ ಸೀಕರಣಿ ಬಟ್ಟಲಾ ನೆಕ್ಕತಿದ್ದಿ. ಈಗ ದೊಡ್ಡ ರೈತ ಆಗೀದಿ ಅಂತ ಬ್ಯಾಡೇನು?" ಎಂದಳು.

ವಿರುಪಾಕ್ಷಪ್ಪ ಒಂದು ಹೋಳಿಗೆ ಮಾತ್ರ ಎಂದು ಕುಳಿತ. ಎರಡನೆಯದು ತಟ್ಟೆಗೆ ತಾನಾಗಿಯೇ ಬಂತು. ಆಮೇಲೆ ಬಂದದ್ದನ್ನು ಅವನು ಎಣಿಸಲಿಲ್ಲ. ಬೆರಳಿನಿಂದ ಸೀಕರಣಿ ಬಳಿಯುತ್ತಿರುವಾಗ ಲಕ್ಷ್ಮಿಬಾಯಿ ಮೆಲ್ಲಗೆ ಕೇಳಿದಳು. "ಖರೇ ಹೇಳು. ಹೊತ್ತ ಕಳ್ಯಾಕ ಬೂಟಿನ ಲಾಡಿ ಬಿಚ್ಚಿ ಬಿಚ್ಚಿ ಕಟ್ಟಿದೆಂತ?"

ಬಾಯಿ ತುಂಬಿದ್ದರಿಂದ ಅವನಿಗೆ ಸುಳ್ಳು ಹೇಳಲು ಆಗಲಿಲ್ಲ. ತಲೆಯಾಡಿಸಿದ. "ಇನ್ನೊಂದ ಹೋಳಿಗಿ ಹಾಕಲಿ?" ಎಂದಳು ಲಕ್ಷ್ಮಿಬಾಯಿ. ಅದಕ್ಕೂ ತಲೆಯಾಡಿಸಿದ.

ಸಮ್ಮೇದ ಕೊನೆಯ ಲೋಟ ನೀರು ಕುಡಿದು ಬಾಯಿ ಒರೆಸಿಕೊಳ್ಳುವುದಕ್ಕೂ ಸೂರ್ಯ ಕೆಳಗಿಳಿಯುವುದಕ್ಕೂ ಸರಿಹೋಯಿತು. ಬೆಳಕು ಇನ್ನೂ ಇತ್ತು. ವಿರುಪಾಕ್ಷಪ್ಪ ಮಂಡಿಯ ಮೇಲೆ ಕೈಯೂರಿ, ಇಬ್ಬರ ಸಹಾಯದಿಂದ ಎದ್ದ. ಅವನೇ ಕೊನೆಯ ಆಟಗಾರ. ಗೆಲ್ಲಲು ಈ ಕೊನೆಯ ಓವರಿನಲ್ಲಿ ಒಂಬತ್ತು ರನ್ ಬೇಕಿತ್ತು.

ವಿರುಪಾಕ್ಷಪ್ಪ ಹೊತ್ತು ಕಳೆದದ್ದರಲ್ಲಿ ಇನ್ನೊಂದು ಎಡವಟ್ಟಾಗಿತ್ತು. ಮಳೆಗಾಲ ಹತ್ತಿರ ಬಂದಾಗ ಈ ಕಡೆ ಸಂಜೆಗೆ ಏಳುವ ಪಡುವಣ ಗಾಳಿ ಈಗ ಎದ್ದಿತ್ತು. ಕಬ್ಬು ಒಂದೇ ಕಡೆ ಬಾಗಿ ಸುಯ್ಯೆನ್ನುತ್ತಿತ್ತು. ಸಮ್ಮೇದ ಚೆಂಡು ಬಿಟ್ಟ. ಅದು ಎಂದಿನಂತೆ ತಿರುಗಿತು, ತಿರುಗುತ್ತಲೇ ಹೋಯಿತು, ಕೊನೆಗೆ ತೃಪ್ತಿಯ ಸ್ಕೂಟಿಯ ಹತ್ತಿರ ಬಿತ್ತು. ಜ್ಞಾನದೇವ ಎರಡೂ ಕೈ ಚಾಚಿ ವೈಡ್ ಎಂದ. ಎರಡನೆಯದೂ ವೈಡ್. ಮೂರನೆಯದನ್ನು ಹಿಡಿಯಲು ಹೋದ ಕೀಪರ್ ಬೀರದೇವ ಟ್ರಾಲಿಗೆ ಮುಗ್ಗರಿಸಿದ. ಒಂದರ ಮೇಲೊಂದು ವೈಡ್ ಬೀಳುತ್ತ ಹೋಗಿ, ಬ್ಯಾಟು ಅಲುಗಿಸದೆಯೇ ವಿರುಪಾಕ್ಷಪ್ಪನ ತಂಡಕ್ಕೆ ಇನ್ನು ಎರಡೇ ರನ್ ಉಳಿದವು. ಅವನು ಬ್ಯಾಟಿನ ಮೇಲೆ ಭಾರ ಹಾಕಿ, ತೇಗುತ್ತ, ಸುಖವಾಗಿ ನಿಂತಿದ್ದ.

ಸಮ್ಮೇದ ಚೆಂಡನ್ನು ಅಂಗಿಗೆ ಒರೆಸಿ ಸುತ್ತ ನೋಡಿದ. ಅವನ ತಂಡದವರು ನೆಲ ನೋಡುತ್ತ ನಿಂತಿದ್ದರು. ಶಾಲೆಯ ಆ ದಿನಗಳ ಮುಖಗಳೇ ಅವನಿಗೆ ಕಂಡವು. ಒಂದು ಕ್ಷಣ ಚೆಂಡನ್ನು ಬೇರೆಯವರ ಕೈಗೆ ಕೊಟ್ಟುಬಿಡೋಣ ಅನ್ನಿಸಿತು. ಕೊಡಲಿಲ್ಲ. ಬಾಗಿದ ಕಬ್ಬು ನೋಡಿದ, ಹಿಂದಿನ ಚೆಂಡು ಬಿದ್ದ ಜಾಗ ನೋಡಿದ. ಅಷ್ಟು ದೂರ ತಪ್ಪಿ ಬೀಳುವುದಾದರೆ, ಅಷ್ಟೇ ದೂರ ಈ ಕಡೆಗೆ ತಪ್ಪಿ ಎಸೆಯಬೇಕು. ಈ ಕಡೆ ಸರಿಯಾಗಿ ಆ ಅಳತೆಗೆ ನಿಂತಿದ್ದದ್ದು ಅವನ ತಾಯಿ, ಪಿಚ್ಚಿನಿಂದ ಚಾಪೆ ಎತ್ತಿ ಪಕ್ಕಕ್ಕೆ ಸರಿದು ಖಾಲಿ ಪಾತ್ರೆ ಜೋಡಿಸುತ್ತ.

"ಅವ್ವಾ, ಅಲುಗಬ್ಯಾಡ" ಎಂದು ಕೂಗಿ, ತಾಯಿಗೇ ಗುರಿಯಿಟ್ಟು ಚೆಂಡು ಬಿಟ್ಟ.

ಚೆಂಡು ಲಕ್ಷ್ಮಿಬಾಯಿಯ ಕಡೆ ಹೊರಟಿತು. ಅವಳು ಪಾತ್ರೆಯ ಮುಚ್ಚಳ ಮುಖಕ್ಕೆ ಅಡ್ಡ ಹಿಡಿದಳು. ಇದಕ್ಕಿಂತ ದೊಡ್ಡ ವೈಡ್ ತಾನು ಕಂಡಿಲ್ಲ ಎಂದುಕೊಂಡ ವಿರುಪಾಕ್ಷಪ್ಪ, ಅಂಪೈರನಿಗಿಂತ ಮೊದಲೇ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ ತಾನೇ ಎರಡೂ ಕೈ ಅಗಲಿಸಿ ನಿಂತ. ಚೆಂಡು ಗಾಳಿಯಲ್ಲಿ ಒಮ್ಮೆ ತಡೆಯಿತು. ಹೊರಳಿತು. ಎಲ್ಲರೂ ನೋಡುತ್ತಿದ್ದಂತೆ ಮೆಲ್ಲಗೆ, ಯಾವ ಅವಸರವೂ ಇಲ್ಲದೆ ತಿರುಗಿ ಬಂದು, ಚಾಚಿದ ಅವನ ಕೈಯ ಕೆಳಗೆ ತೂರಿ ಕ್ರೇಟಿಗೆ ಟಪ್ಪೆಂದು ಬಡಿಯಿತು.

ಜ್ಞಾನದೇವ ಕ್ರೇಟಿನ ತನಕ ಕುಂಟುತ್ತ ಬಂದು ಬಗ್ಗಿ ನೋಡಿದ. ಆಮೇಲೆ ಬೆರಳೆತ್ತಿದ. ಬೀರದೇವ ಸಮ್ಮೇದನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದ. ಈಗಷ್ಟೇ ಉಂಡಿದ್ದ ಸಮ್ಮೇದ "ಇಳಸೋ, ಹೊರಗ ಬರ್ತೈತಿ" ಎಂದು ಕೂಗುತ್ತಿದ್ದರೂ ಕೆಳಗಿಳಿಯುವ ಮನಸ್ಸು ಅವನಿಗೇ ಇರಲಿಲ್ಲ. ವಿರುಪಾಕ್ಷಪ್ಪ ಕೈ ಅಗಲಿಸಿದಂತೆಯೇ ನಿಂತಿದ್ದ.

ಮರುದಿನ ಹೊತ್ತು ಹುಟ್ಟುವಾಗ ಅವನು ಕಪ್ಪನ್ನು ಹೊತ್ತು ಸಮ್ಮೇದನ ಮನೆಯ ಬಾಗಿಲಿಗೆ ಬಂದ. ಟಿವಿಯ ಮೇಲೆ ಜಾಗ ಖಾಲಿಯಾಯಿತೆಂದು ಹೆಂಡತಿಗೆ ಖುಷಿಯಾಗಿದೆ ಎಂದ. ಮಾತು ಮುಂದೆ ಹೋಗದೆ ಅಲ್ಲೇ ಸುತ್ತಿತು. ಕೊನೆಗೆ, "ಲೇ ಸಮ್ಮ್ಯಾ, ಆ ಚೆಂಡು ಹೆಂಗ ಬಿಡ್ತೀಯೋ? ಕಲಸ ಮಾರಾಯಾ" ಎಂದು ಬಾಯಿಬಿಟ್ಟ.

ಸಮ್ಮೇದ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ತೂತು ಮೇಲೆ ಬರುವಂತೆ ಎರಡು ಬೆರಳಲ್ಲಿ ಹಿಡಿಯುವುದನ್ನು ತೋರಿಸಿದ. ಯಾರಾದರೂ ಬ್ಯಾಟು ಹಿಡಿಯಬೇಕಲ್ಲ ಎಂದಾಗ, ರಂಗೋಲಿ ಹಾಕಿ ಮುಗಿಸಿದ್ದ ತೃಪ್ತಿ ಸೆರಗು ಸಿಕ್ಕಿಸಿ ನಿಂತಳು.

"ವೈನಿ, ಮೆತ್ತಗ ಹಾಕ್ತೀನ್ರಿ, ಹೆದರಬ್ಯಾಡ್ರಿ" ಎಂದ ವಿರುಪಾಕ್ಷಪ್ಪ.

ಚೆಂಡು ಚೆನ್ನಾಗಿಯೇ ತಿರುಗಿತು. ತೃಪ್ತಿ ಅದು ತಿರುಗಿ ಮುಗಿಸುವ ತನಕ ಕಾಯ್ದು, ಒಂದು ಹೆಜ್ಜೆ ಮುಂದಿಟ್ಟು ಬೀಸಿದಳು. ಚೆಂಡು ಮಾಳಿಗೆ ದಾಟಿ, ಹಿತ್ತಲು ದಾಟಿ, ಎಲ್ಲೋ ಹೋಯಿತು. ಗಂಡಸರಿಬ್ಬರೂ ಬಾಯಿ ತೆರೆದು ಆಕಾಶ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮುಂದಿನ ವರ್ಷ ವೈನಿ ನಮ್ಮ ಟೀಮು!" ಎಂದು ವಿರುಪಾಕ್ಷಪ್ಪ ಕೂಗಿದ.

"ಏ, ನನ್ನ ಹೆಂಡತಿ ನಿನ್ನ ಟೀಮಿಗೆ ಹೆಂಗ ಬರ್ತಾಳೋ?" ಎಂದು ಸಮ್ಮೇದ ಅದಕ್ಕಿಂತ ಜೋರಾಗಿ ಕೂಗಿದ.

ತೃಪ್ತಿ ಬ್ಯಾಟನ್ನು ಗೋಡೆಗೆ ಒರಗಿಸಿದಳು. "ಮೊದಲ ಇಬ್ಬರೂ ಹೋಗಿ ಚೆಂಡ ಹುಡಕಿ ತರ್ರಿ. ಯಾರು ತರ್ತಾರೋ ನೋಡಿ ಆಮ್ಯಾಲ ಹೇಳ್ತೀನಿ" ಎಂದು ಚಹಾಕ್ಕಿಡಲು ಒಳಗೆ ಹೋದಳು. ಗಂಡಸರಿಬ್ಬರೂ ಹಿತ್ತಲ ಬಾಗಿಲಲ್ಲಿ ಒಮ್ಮೆಗೇ ನುಗ್ಗಿ ಸಿಕ್ಕಿಹಾಕಿಕೊಂಡರು.